ಗೋವಿನಜೋಳದ ಅಂಗಿ

ಶಿಗ್ಗಾವಿ ಹತ್ತಿರದ ಒಂದು ಗಾರ್ಮೆಂಟ್ ಕಾರ್ಖಾನೆಯಲ್ಲಿ ನಾನು ಹಲವು ವರ್ಷ ಎಡಗೈ ಕಫ್ ಹೊಲಿಯುತ್ತಿದ್ದೆ. ಗಂಡಸರ ಫುಲ್ ತೋಳಿನ ಅಂಗಿ. ಬಲಗೈ ಕಫ್ ತಡಸದಿಂದ ಬರುತ್ತಿದ್ದ ಇನ್ನೊಬ್ಬಳದು; ಅವಳು ನನ್ನ ಪಕ್ಕದ ಮಷಿನ್ನಿನಲ್ಲಿ ಕೂರುತ್ತಿದ್ದಳು. ಕಾಲರ್ ಹಚ್ಚುವವರು ಮುಂದಿನ ಸಾಲಿನಲ್ಲಿದ್ದರು, ಗುಂಡಿಯವರು ಗೋಡೆಯ ಆಚೆಗೆ. ಪೂರ್ತಿ ಅಂಗಿಯನ್ನು ನಾನು ನೋಡುತ್ತಿದ್ದದ್ದು ಸಂಜೆ ಬಸ್ಸಿನಲ್ಲಿ, ಯಾರಾದರೂ ಗಂಡಸರು ತೊಟ್ಟುಕೊಂಡು ನಿಂತಿದ್ದರೆ. ಆಗಲೂ ಕಣ್ಣು ಮೊದಲು ಅವರ ಎಡಗೈ ಮಣಿಕಟ್ಟಿಗೇ ಹೋಗುತ್ತಿತ್ತು.

ಕೆಲಸದ ಬಗ್ಗೆ ನನಗೆ ದೂರಿರಲಿಲ್ಲ. ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು, ಯಾರೂ ಬೈಯುತ್ತಿರಲಿಲ್ಲ. ಆದರೆ ಊರಿನಲ್ಲಿದ್ದ ಅತ್ತೆ ಹಿತ್ತಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಾಗ ಮನೆಯಲ್ಲಿ ಒಬ್ಬರು ಇರಬೇಕಾಯಿತು. ನಮ್ಮ ಮನೆಯವರು ಬಾಡಿಗೆ ಗಾಡಿ ಓಡಿಸುತ್ತಾರೆ. ಹೀಗಾಗಿ ಆ ಒಬ್ಬರು ಯಾರು ಎಂಬ ಬಗ್ಗೆ ಚರ್ಚೆಯೇನೂ ನಡೆಯಲಿಲ್ಲ. ನಾನು ಕೆಲಸ ಬಿಟ್ಟು, ಒಂದು ಹಳೆಯ ಹೊಲಿಗೆ ಮಷಿನ್ ತೆಗೆದುಕೊಂಡು ಊರಿಗೆ ಬಂದೆ.

ನಮ್ಮೂರು ಹಾನಗಲ್ಲಿನಿಂದ ತಿಳವಳ್ಳಿಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ ಸಿಗುತ್ತದೆ. ನಾನು ಬಂದ ವಾರದೊಳಗೆ ಅಂಗಿ ಫ್ಯಾಕ್ಟರಿಯವಳು ಬಂದಿದ್ದಾಳೆ, ಇನ್ನು ಊರಲ್ಲೇ ಅಂಗಿ ಹೊಲಿಯುತ್ತಾಳೆ ಎಂದು ಸುದ್ದಿಯಾಯಿತು. ನಾನು ಹಾಗಂತ ಯಾರಿಗೂ ಹೇಳಿರಲಿಲ್ಲ.

ಮೊದಲು ಬಂದವಳು ಪಕ್ಕದ ಮನೆಯ ಅಕ್ಕ. ಕೂಲಿಗೆ ಹೋಗುವವಳು, ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ನಮ್ಮ ಕಡೆ ಹೆಣ್ಣುಮಕ್ಕಳು ಗೋವಿನಜೋಳದ ಹೊಲಕ್ಕೆ ಹೋಗುವಾಗ ಸೀರೆಯ ಮೇಲೆ ಗಂಡಸರ ಹಳೆಯ ಫುಲ್ ಅಂಗಿ ಹಾಕಿಕೊಳ್ಳುತ್ತಾರೆ. ಒಣಗಿದ ಗರಿ ಗರಗಸದ ಹಾಗೆ ಕೈ, ಕುತ್ತಿಗೆ ಕೊಯ್ಯುತ್ತದೆ. ತೆನೆ ಮುರಿಯುವಾಗ ಏಳುವ ದೂಳು ಬೆವರಿಗೆ ಅಂಟಿದರೆ ಸ್ನಾನ ಮಾಡಿದರೂ ತುರಿಕೆ ಹೋಗುವುದಿಲ್ಲ. ಅಕ್ಕನ ಗಂಡ ಹಾನಗಲ್ಲಿನ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಿದ್ದವರು, ಬಾಗಿಲಲ್ಲಿ ಬಗ್ಗಿ ಒಳಗೆ ಬರುವಂಥ ಆಳು. ಅವರು ಬಿಟ್ಟುಹೋದದ್ದರಲ್ಲಿ ಒಂದು ಟ್ರಂಕ್ ತುಂಬ ಅಂಗಿಗಳಿದ್ದವು. ಅಕ್ಕ ಒಂದೊಂದಾಗಿ ಹೊಲಕ್ಕೆ ಹಾಕಿಕೊಂಡು ಹರಿದಳು. ಕೊನೆಗೆ ಉಳಿದದ್ದು ನೀಲಿ ಚೌಕಳಿಯ ಒಂದೇ ಅಂಗಿ. ಅದರ ಮೊಣಕೈಯೂ ಹೋಗಿತ್ತು. ಅದನ್ನು ಮಡಚಿ ತಂದು ನನ್ನ ಮಷಿನ್ನಿನ ಮೇಲೆ ಇಟ್ಟಳು.

"ಇಂಥಾದ್ದ ಒಂದು ಹೊಲದು ಕೊಡ," ಎಂದಳು.

"ಅಕ್ಕಾ, ನನಗ ಅಂಗಿ ಹೊಲ್ಯಾಕ ಬರಂಗಿಲ್ಲ."

"ಮತ್ತ ಫ್ಯಾಕ್ಟರಿಯಾಗ ಏನ್ ಮಾಡ್ತಿದ್ದಿ?"

"ಎಡಗೈ ಕಫ್ ಹೊಲೀತಿದ್ದೆ."

"ಅಷ್ಟ?"

"ಅಷ್ಟ."

ಅಕ್ಕ ನನ್ನ ಮುಖ ನೋಡಿದಳು. ಪಡಸಾಲೆಯ ಹೊರಸಿನ ಮೇಲೆ ಮಲಗಿದ್ದ ಅತ್ತೆಯೂ ಕತ್ತೆತ್ತಿ ನೋಡಿದರು. ಇಷ್ಟು ವರ್ಷ ಸೊಸೆ ಏನು ಕೆಲಸ ಮಾಡುತ್ತಿದ್ದಳು ಎಂಬುದು ಅವರಿಗೂ ಅಂದೇ ಗೊತ್ತಾದದ್ದು.

"ಹಂಗಾರ ಎಡಗೈದ ಮೊದಲ ಹೊಲಿ," ಎಂದಳು ಅಕ್ಕ. "ಉಳದದ್ದು ಆಮ್ಯಾಲ ನೋಡೂಣು."

ನಾನು ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ರೆಡಿಮೇಡ್ ತೆಗೆದುಕೊಂಡರಾಯಿತು ಎಂದು ಅವಳನ್ನು ಹಾನಗಲ್ಲಿಗೆ ಕರೆದುಕೊಂಡು ಹೋದೆ. ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯವರು ಬಹಳ ಸಮಾಧಾನದ ಮನುಷ್ಯ. ಗಂಡಸರ ಅಂಗಿ ತೆಗೆದರು. ಸಣ್ಣದು ಸೀರೆಯ ನೆರಿಗೆಯ ಮೇಲೆ ಬಿಗಿಯಿತು. ದೊಡ್ಡದರಲ್ಲಿ ಅಕ್ಕನ ಕೈಗಳು ಎಲ್ಲಿವೆ ಎಂದು ಹುಡುಕಬೇಕಾಯಿತು. ಹೆಂಗಸರ ಟಾಪ್‌ಗಳನ್ನು ಹರವಿದರು. ಅವುಗಳ ತೋಳು ಮೊಣಕೈಯಿಂದ ಸ್ವಲ್ಪ ಕೆಳಗೆ ಬಂದು ನಿಂತುಬಿಡುತ್ತಿತ್ತು, ಎದೆಯ ಮೇಲೆ ಕನ್ನಡಿ ಚೂರುಗಳಿದ್ದವು.

"ಹೆಣ್ಮಕ್ಕಳದ್ರಾಗ ಫುಲ್ ತೋಳಿಂದು, ಎದಿ ಮ್ಯಾಲ ಏನೂ ಇಲ್ಲದ್ದು ಇಲ್ಲೇನ್ರಿ?" ಎಂದು ಕೇಳಿದಳು ಅಕ್ಕ.

"ಕಂಪನಿಯವರು ಬಿಟ್ಟಿಲ್ರಿ."

"ಯಾಕ?"

"ಕೇಳೋರು ಇಲ್ರಿ ಅಂಥಾದ್ದು."

"ನಾ ಕೇಳಾಕತ್ತೇನಲ್ಲ."

ಅಂಗಡಿಯವರು ಯೋಚಿಸಿ, ಅದು ನಿಜ ಎಂದು ಒಪ್ಪಿಕೊಂಡರು. ಆದರೆ ಕಂಪನಿ ಬೇರೆ ಯಾವುದೋ ರಾಜ್ಯದಲ್ಲಿತ್ತು. ಅಕ್ಕ ಕೇಳಿದ್ದು ಅಲ್ಲಿಗೆ ಮುಟ್ಟುವ ದಾರಿ ಅವರಿಗೂ ತಿಳಿದಿರಲಿಲ್ಲ. ನಾವು ಅವರಲ್ಲೇ ಒಂದು ತುಂಡು ಹತ್ತಿಯ ಬಟ್ಟೆ ತೆಗೆದುಕೊಂಡು ವಾಪಸು ಬಂದೆವು.

ಗಂಡನ ಅಂಗಿಯ ಹೊಲಿಗೆ ಬಿಚ್ಚಿ ಅಳತೆ ತೆಗೆಯಲು ಅಕ್ಕ ಬಿಡಲಿಲ್ಲ. ಅದನ್ನು ಪೇಪರಿನ ಮೇಲೆ ಚಪ್ಪಟೆಯಾಗಿ ಹಾಸಿ, ಸುತ್ತಲೂ ಪೆನ್ನಿನಲ್ಲಿ ಗೆರೆ ಎಳೆದೆ. ತೋಳು ಹಾಗೆ ಚಪ್ಪಟೆಯಾಗಿ ಹಾಸುವಂಥದ್ದಲ್ಲ ಎಂದು ಹೊಲಿದ ಮೇಲೆ ತಿಳಿಯಿತು. ಅಂಗಿಯ ಬಲತೋಳು ಮುಂದಕ್ಕೆ ಚಾಚಿಕೊಂಡೇ ನಿಂತಿತು. ಕಾಲರಿನ ಒಂದು ತುದಿ ಕಿವಿಗೆ ಮುಟ್ಟುತ್ತಿತ್ತು. ಎಡಗೈ ಕಫ್ ಮಾತ್ರ ಪರದೇಶಕ್ಕೆ ಕಳಿಸುವ ಹಾಗಿತ್ತು. ಅಕ್ಕ ಅದನ್ನು ತೊಟ್ಟು ಅತ್ತೆಯ ಎದುರಿಗೆ ನಿಂತಳು.

"ಬಲಗೈ ಬಸ್ಸಿಗೆ ಕೈ ಮಾಡಾಕತ್ತೈತಿ," ಎಂದರು ಅತ್ತೆ.

ಅಕ್ಕ ನಗಲಿಲ್ಲ. ಮರುದಿನ ಅದನ್ನೇ ಹಾಕಿಕೊಂಡು ಹೊಲಕ್ಕೆ ಹೋದಳು. ನಕ್ಕವರು ಅಲ್ಲಿದ್ದವರು. ಸಂಜೆ ಬಂದು, "ಇದು ಆಗೂದಲ್ಲ, ಬ್ಯಾರೆ ಯಾರನ್ನರ ಕೇಳೂಣು," ಎಂದಳು.

ಸವಣೂರಿನಲ್ಲಿ ನಮ್ಮ ಮನೆಯವರಿಗೆ ಪರಿಚಯದ ಒಬ್ಬ ವಯಸ್ಸಾದ ಟೇಲರ್ ಮಾಸ್ತರ್ ಇದ್ದರು. ವೀಳ್ಯದೆಲೆಯ ಹೊರೆ ತರಲು ಗಾಡಿ ಅಲ್ಲಿಗೆ ಹೋಗುತ್ತಿದ್ದಾಗ ಆದ ಪರಿಚಯ. ಒಂದು ಕಾಲದಲ್ಲಿ ರಂಜಾನ್ ಬಂದರೆ, ಮದುವೆ ಕಾಲ ಬಂದರೆ ಅವರ ಅಂಗಡಿಯ ಮುಂದೆ ಜನ ನಿಲ್ಲುತ್ತಿದ್ದರಂತೆ. ರೆಡಿಮೇಡ್ ಬಂದ ಮೇಲೆ, ಬೇರೆ ಯಾರೋ ಹೊಲಿದ ಪ್ಯಾಂಟಿನ ಕಾಲು ಕತ್ತರಿಸಿ ಗಿಡ್ಡ ಮಾಡಿಕೊಡುವುದೇ ಅವರ ಮುಖ್ಯ ಕೆಲಸವಾಗಿತ್ತು. ನಾವು ಹೋದಾಗಲೂ ಅದನ್ನೇ ಮಾಡುತ್ತಿದ್ದರು. ನಾನು ಬಂದ ಕಾರಣ ಹೇಳಿದೆ.

"ನಾನು ಲೇಡೀಜ್ ಹೊಲಿಯಂಗಿಲ್ಲವ್ವಾ."

"ಇದು ಗಂಡಸರ ಅಂಗಿನ ರಿ ಮಾಸ್ತರ."

"ಹಾಕ್ಕೊಳ್ಳೋರು ಯಾರು?"

"ನಾನ ರಿ," ಎಂದಳು ಅಕ್ಕ.

"ಹಂಗಾರ ಲೇಡೀಜ್ ಆತಲ್ಲ."

"ಅಂಗಿ ಗಂಡಸರದು ರಿ. ಹಾಕ್ಕೊಳ್ಳಾಕಿ ಅಷ್ಟ ಹೆಂಗಸು," ಎಂದೆ ನಾನು.

ಮಾಸ್ತರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಇಂಥ ಪ್ರಶ್ನೆ ಅವರ ಕಸುಬಿನಲ್ಲಿ ಹಿಂದೆ ಬಂದಿರಲಿಲ್ಲ. ಅಷ್ಟರಲ್ಲಿ ಅಂಗಡಿಯ ಹಿಂದಿನ ಪರದೆ ಸರಿಸಿ ಅವರ ಹೆಂಡತಿ ಹೊರಗೆ ಬಂದರು. ನಾವು ಮುಂದೆ ಅವರನ್ನು ಆಪಾ ಎಂದೇ ಕರೆದೆವು.

"ಅಳತಿ ನಾ ತಗೋತೇನಿ, ಕತ್ತರಸೂದು ನೀವು ಕತ್ತರಸ್ರಿ," ಎಂದರು ಗಂಡನಿಗೆ. "ಪ್ಯಾಂಟಿನ ಕಾಲು ಕಡದು ಕಡದು ನಿಮಗೂ ಬ್ಯಾಸರ ಬಂದೈತಿ, ನಿಮ್ಮ ಮಾರಿ ನೋಡಿ ನೋಡಿ ನನಗೂ ಬ್ಯಾಸರ ಬಂದೈತಿ."

ಆದರೆ ಅಕ್ಕ ಅಳತೆ ಕೊಡಲು ಒಪ್ಪಲಿಲ್ಲ. ನೀಲಿ ಅಂಗಿಯನ್ನು ಮುಂದಿಟ್ಟು, "ನನ್ನ ಅಳತಿ ಯಾಕ್ರಿ, ಇದು ಹೆಂಗೈತಿ ಹಂಗ ಆಗ್ಲಿ," ಎಂದಳು. ಮಾಸ್ತರರು ಅದನ್ನು ತಿರುಗಿಸಿ ನೋಡಿದರು. ಆಮೇಲೆ ನಾನು ಹೊಲಿದದ್ದನ್ನು ನೋಡಿದರು. ಕಾಲರ್, ಭುಜ, ಬಲತೋಳು ದಾಟಿ ಎಡಗೈ ಕಫ್‌ಗೆ ಬಂದಾಗ ನಿಂತರು.

"ಇದನ್ನ ಹೊಲದೋರು ಯಾರು?"

"ನಾನ ರಿ."

"ಉಳದದ್ದು?"

"ಅದೂ ನಾನ ರಿ."

ಮಾಸ್ತರರು ನೀಲಿ ಅಂಗಿಯನ್ನು ಅಕ್ಕನ ಕೈಗೆ ಕೊಟ್ಟರು. ಇದನ್ನು ಹಾಕಿಕೊಂಡು ಹೊಲದಲ್ಲಿ ಏನು ಮಾಡುತ್ತೀರಿ, ಸ್ವಲ್ಪ ತೋರಿಸಿ ಎಂದು ಅಕ್ಕನಿಗೆ ಹೇಳಿದರು. ಅಕ್ಕ ಅದನ್ನು ತೊಟ್ಟು, ಅಂಗಡಿಯ ಆ ಸಣ್ಣ ಜಾಗದಲ್ಲಿ ಇಲ್ಲದ ತೆನೆ ಹಿಡಿದು, ತಿರುವಿ ಮುರಿದು, ಬೆನ್ನ ಹಿಂದಿನ ಇಲ್ಲದ ಬುಟ್ಟಿಗೆ ಎಸೆದಳು. ಜಿಪ್ ಹಾಕಿಸಿಕೊಳ್ಳಲು ಬಂದಿದ್ದ ಒಬ್ಬರು ಬಾಗಿಲಲ್ಲೇ ನಿಂತು, ಅವಳು ಒಂದು ಸಾಲು ಮುಗಿಸುವವರೆಗೂ ಕಾದರು. ಕೈ ಮೇಲೆ ಹೋದಾಗಲೆಲ್ಲ ಅಂಗಿ ಪೂರ್ತಿ ಮೇಲೇಳುತ್ತಿತ್ತು. ಕಂಕುಳಲ್ಲಿ ಒಂದು ಚೌಕದ ತುಂಡು ಕೂಡಿಸಿದರೆ ಹಾಗೆ ಎಳೆಯುವುದಿಲ್ಲ ಎಂದರು ಮಾಸ್ತರರು. ಅಕ್ಕ ಬೇಡವೆಂದಳು. ಗಂಡನ ಅಂಗಿಗೆ ಅದು ಇರಲಿಲ್ಲ.

ಅಕ್ಕನ ಪ್ರದರ್ಶನದಿಂದ ಮಾಸ್ತರರಿಗೆ ಕುತೂಹಲ ಹುಟ್ಟಿತು. ಅಂಗಡಿ ರಜೆಯ ದಿನ ನಮ್ಮ ಗಾಡಿಯಲ್ಲೇ ಆಪಾ ಜೊತೆ ಊರಿಗೆ ಬಂದರು. ಹೊಲ ನೋಡಿದರು. ಸಂಜೆ ಕೂಲಿ ಬಿಟ್ಟ ಹೆಣ್ಣುಮಕ್ಕಳು ಮನೆಗೆ ಹೋಗುವ ಬದಲು ನಮ್ಮ ಪಡಸಾಲೆಗೆ ಬಂದರು. ಯಾರೂ ಕರೆದಿರಲಿಲ್ಲ. ಸವಣೂರಿನಿಂದ ಟೇಲರ್ ಬಂದಿದ್ದಾರೆ ಎಂಬುದೇ ಸಾಕಾಗಿತ್ತು. ಎಲ್ಲರ ಮೈಮೇಲೂ ಗಂಡನದೋ ಮಗನದೋ ಅಂಗಿ. ಒಬ್ಬಳ ಬೆನ್ನ ಮೇಲೆ ಸಿಮೆಂಟಿನ ಜಾಹೀರಾತು ಇತ್ತು, ಇನ್ನೊಬ್ಬಳ ಬೆನ್ನ ಮೇಲೆ ಸೋತ ಅಭ್ಯರ್ಥಿಯ ಚಿಹ್ನೆ. ಅತ್ತೆಯ ಹೊರಸನ್ನು ಗೋಡೆಗೆ ಸರಿಸಿ ಎಲ್ಲರೂ ಕುಳಿತರು.

ಮಾಸ್ತರರು ಬಳಪ ತೆಗೆದು ನೆಲದ ಮೇಲೆ ಒಂದು ಅಂಗಿಯ ಚಿತ್ರ ಬರೆದರು. ಅದನ್ನು ನೋಡಿ ಎಲ್ಲರೂ ಒಮ್ಮೆಗೇ ಮಾತಾಡತೊಡಗಿದರು.

"ಕಾಲರ್ ಮ್ಯಾಲ ಬರ್ಲಿ ರಿ, ಕುತ್ತಿಗಿ ಕೊಯ್ತೈತಿ."

"ಎದಿ ಮ್ಯಾಗಿನ ಕಿಸೆ ತಗೀರಿ, ಕಸ ತುಂಬ್ತೈತಿ."

"ಕಿಸೆ ತಗದ್ರ ಫೋನ್ ಎಲ್ಲಿ ಇಡ್ಲಿ?"

"ಒಳಗ ಇಡ್ರಿ ಕಿಸೇನ."

"ನನಗ ಎಲಿ ಅಡಿಕಿ ಚೀಲಕ್ಕ ಬ್ಯಾರೆ ಬೇಕು."

ಮಾಸ್ತರರು ಬರೆಯುತ್ತ ಹೋದರು. ಹಿಡಿಸದ್ದನ್ನು ಯಾರಾದರೂ ಒದ್ದೆ ಕೈಯಿಂದ ಒರೆಸುತ್ತಿದ್ದರು, ಒರೆಸಿದ್ದು ಹಿಡಿಸದವರು ಮತ್ತೆ ಬರೆಸುತ್ತಿದ್ದರು. ಕೂಸಿಗೆ ಹಾಲು ಕುಡಿಸುವವಳು ಮುಂದೆ ಗುಂಡಿಯ ಬದಲು ಹುಕ್ಕು ಬೇಕೆಂದಳು. ಎಲ್ಲರಿಗಿಂತ ಚಿಕ್ಕವಳು ತನ್ನ ತೋಳಿನ ತುದಿ ತೋರಿಸಿದಳು. ತೋಳು ಮೇಲೆ ಸರಿಯದಿರಲೆಂದು ಅವಳು ಅದಕ್ಕೊಂದು ತೂತು ಮಾಡಿ, ಹೆಬ್ಬೆರಳು ತೂರಿಸಿಕೊಂಡು ಕೆಲಸ ಮಾಡುತ್ತಿದ್ದಳು. ತೂತಿನ ಬದಲು ಅಲ್ಲೊಂದು ಬಟ್ಟೆಯ ಕುಣಿಕೆ ಹಾಕಬಹುದು ಎಂದು ನಾನೆಂದೆ. ಕಫ್‌ಗೆ ಸಂಬಂಧಿಸಿದ ವಿಷಯವಾದ್ದರಿಂದ ನನ್ನ ಮಾತಿಗೆ ಬೆಲೆ ಬಂತು.

ಬಣ್ಣದ ವಿಷಯಕ್ಕೆ ಜಗಳ ಹತ್ತಿತು. ಒಬ್ಬಳು ಗುಲಾಬಿ ಎಂದಳು. ಗುಲಾಬಿ ಬಣ್ಣಕ್ಕೆ ಹಾವು ಬರುತ್ತದೆ ಎಂದಳು ಇನ್ನೊಬ್ಬಳು. ಹಾಗಾದರೆ ಹಾವು ಯಾವ ಬಣ್ಣಕ್ಕೆ ಬರುವುದಿಲ್ಲ ಎಂದು ಆಪಾ ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದರು. ಒಬ್ಬೊಬ್ಬಳೂ ಒಂದೊಂದು ಬಣ್ಣ ಹೇಳಿದಳು. ಕೊನೆಗೆ ಹೊರಸಿನ ಮೇಲಿಂದ ಅತ್ತೆ, "ಯಾರ ಮೈ, ಅವರ ಬಣ್ಣ. ಇದಕ್ಕ್ಯಾಕ ಪಂಚಾಯ್ತಿ?" ಎಂದರು. ಅದಾದ ಮೇಲೆ ಊರಿನ ಹೆಣ್ಣುಮಕ್ಕಳು ಅತ್ತೆಯನ್ನು ಕೇಳದೆ ಗುಂಡಿಯನ್ನೂ ಆರಿಸುತ್ತಿರಲಿಲ್ಲ.

ಆ ಸಂಜೆ ಏನೂ ಮಾತಾಡದೆ ಕುಳಿತವಳು ಅಕ್ಕ ಒಬ್ಬಳೇ. ನಿನಗೇನು ಬೇಕು ಎಂದು ಎಲ್ಲರೂ ಕೇಳಿದರು. ಹೆಂಗಿತ್ತು ಹಂಗೇ ಸಾಕು ಎಂದಳು.

ಮಾಸ್ತರರು ಕತ್ತರಿಸಿ ಕಳಿಸಿದ ಬಟ್ಟೆಗಳನ್ನು ನಾನು ಮನೆಯಲ್ಲಿ ಕೂಡಿಸತೊಡಗಿದೆ. ತಪ್ಪಿದ್ದನ್ನು ಬಿಚ್ಚುವುದು, ಮತ್ತೆ ಕೂಡಿಸುವುದು. ತೋಳು ಕೂಡಿಸುವುದನ್ನು ಆಪಾ ಫೋನಿನಲ್ಲಿ ಕಲಿಸಿದರು. ಕುಣಿಕೆ ಎರಡೂ ಕೈಗೆ ಬೇಕಾದ್ದರಿಂದ ನಾನು ಬಲಗೈ ಕಫ್ ಕೂಡ ಈ ಸಲ ಸರಿಯಾಗಿ ಹೊಲಿಯಬೇಕಾಯಿತು. ಅದು ಎಡಗೈಯದರ ಹಾಗೆಯೇ ಇತ್ತು, ದಿಕ್ಕು ಮಾತ್ರ ಬೇರೆ. ಇಷ್ಟೇ ಎಂದು ನಂಬಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಕಾರ್ಖಾನೆಯಲ್ಲಿ ಬಲಗೈ ಕಫ್ ಹೊಲಿಯುತ್ತಿದ್ದ ತಡಸದವಳಿಗೆ ಫೋನ್ ಮಾಡಿ ಹೇಳಿದೆ. ಅವಳು, "ಹೌದೇನು? ಹಂಗಾರ ನಿಂದು ನನಗೂ ಬರ್ತಿರಬೇಕು," ಎಂದಳು.

ಅಂಗಿಗಳು ತಯಾರಾದ ದಿನ ಮಾಸ್ತರರು ಮತ್ತು ಆಪಾ ಮತ್ತೆ ಬಂದರು. ಒಬ್ಬೊಬ್ಬಳೂ ತೊಟ್ಟು, ಕೈ ಎತ್ತಿ ಇಳಿಸಿ, ಬಗ್ಗಿ ಎದ್ದು ನೋಡಿದಳು. ಅಕ್ಕನದು ಗಂಡನ ಅಂಗಿಯ ನಕಲು, ಅದೇ ಅಳತೆ, ಅದೇ ಕಾಲರ್. ಅಂಥದೇ ನೀಲಿ ಚೌಕಳಿ ಬಟ್ಟೆಯನ್ನು ನಾನೇ ಹುಡುಕಿ ತಂದಿದ್ದೆ. ಅವಳು ಅದನ್ನು ತೊಟ್ಟು ನಿಂತಳು. ಕೈಗಳು ತೋಳಿನೊಳಗೆ ಮುಚ್ಚಿಹೋದವು. ತೋಳು ಮಡಚಿದಳು, ಮತ್ತೆ ಬಿಚ್ಚಿದಳು.

"ಇದು ಅವರದಲ್ಲ," ಎಂದಳು ಕೊನೆಗೆ.

"ಅವರದ್ದರಂಗ ಬೇಕಂತ ನೀನ ಹೇಳಿದ್ದಿಯಲ್ಲ, ಅಕ್ಕಾ?" ಎಂದೆ.

"ಹೇಳಿದ್ದೆ. ಹಂಗ ಐತಿ. ಆದ್ರ ಇದನ್ನ ಅವರು ಹಾಕ್ಕೊಂಡ ಇಲ್ಲಲ." ಅಂಗಿಯ ಅಂಚನ್ನು ಕೈಯಲ್ಲಿ ಹಿಡಿದು ನೋಡಿದಳು. "ಇದರಾಗ ಅವರೂ ಇಲ್ಲ, ನಾನೂ ಇಲ್ಲ."

ಮಾಸ್ತರರು ಕೆಮ್ಮಿ, ಬಸ್ಸಿನ ವೇಳೆಯ ಬಗ್ಗೆ ಏನೋ ಹೇಳಿದರು. ಅವರು ಬಂದದ್ದು ನಮ್ಮ ಗಾಡಿಯಲ್ಲಿ. ಆಪಾ ಗಂಡನ ಕೊರಳಿನಲ್ಲಿದ್ದ ಟೇಪನ್ನು ಎಳೆದುಕೊಂಡು, "ಬರ್ರಿ ಅಕ್ಕಾರ, ಒಳಗ ಹೋಗೂಣು," ಎಂದರು. ಅಕ್ಕ ಈ ಸಲ ಬೇಡ ಎನ್ನಲಿಲ್ಲ.

ಆಪಾ ಅಡುಗೆಮನೆಯಿಂದ ಒಂದೊಂದೇ ಅಳತೆ ಕೂಗಿ ಹೇಳಿದರು. ಮಾಸ್ತರರು ಹೊರಗೆ ನೆಲದ ಮೇಲೆ ಬಳಪದಿಂದ ಬರೆದುಕೊಂಡರು. ಹೋಲಿಸಿ ನೋಡಲೆಂದು ಪಕ್ಕದಲ್ಲೇ ನೀಲಿ ಅಂಗಿಯ ಅಳತೆಗಳನ್ನೂ ಬರೆದರು. ಭುಜದ ಅಳತೆ ಬಂದಾಗ ಅವರು ಕೈ ತಡೆದರು.

"ಇನ್ನೊಮ್ಮೆ ನೋಡು," ಎಂದು ಕೂಗಿದರು.

"ನೋಡೇನಿ. ಅಷ್ಟ ಐತಿ."

ಅಕ್ಕ ಗಾಬರಿಯಿಂದ ಬಾಗಿಲಿಗೆ ಬಂದಳು. "ಯಾಕ್ರಿ, ಏನಾತು?"

"ಏನಿಲ್ರಿ. ನೀವು ಭಾಳ ಸಣ್ಣವರ ಅದೀರಿ."

"ಯಾರು, ನಾನಾ?"

ಅವಳಿಗೆ ತಾನು ದಪ್ಪ ಹೆಂಗಸು ಎಂದೇ ತಿಳಿದಿತ್ತು. ಅವಳ ಮೈಗೆ ಟೇಪ್ ಮುಟ್ಟಿದ್ದು ಅದೇ ಮೊದಲು. ನಮ್ಮಲ್ಲಿ ಸೀರೆಗೆ ಜಂಪರ್ ಹೊಲಿಸುವಾಗ ಅಳತೆಗೆಂದು ಒಂದು ಹಳೆಯ ಜಂಪರ್ ಕೊಡುವುದು ರೂಢಿ. ಆ ಹಳೆಯದನ್ನು ಅದಕ್ಕಿಂತ ಹಳೆಯದರ ಅಳತೆಗೆ ಹೊಲಿದಿರುತ್ತಾರೆ. ಮೊದಲನೆಯದು ಯಾವಾಗಿನದು, ಯಾರ ಮೈಯದು ಎಂದು ಕೇಳುವವರಿಲ್ಲ. ಅಕ್ಕ ನೆಲದ ಮೇಲಿನ ಎರಡು ಸಾಲುಗಳನ್ನು ನೋಡುತ್ತ ಕುಳಿತಳು. ಓದಲು ಬಾರದಿದ್ದರೂ ಅಂಕಿ ಅವಳಿಗೆ ಗೊತ್ತು. ಒಂದು ಸಾಲಿನಿಂದ ಇನ್ನೊಂದಕ್ಕೆ ಬೆರಳು ಆಡಿಸಿದಳು.

"ಇಷ್ಟು ನಾನು," ಎಂದಳು. "ಉಳದದ್ದೆಲ್ಲ ಅವರು."

ಅತ್ತೆ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದರು. ಸೊಂಟ ನೋಯುತ್ತಿದೆ ಎಂದು ಆಮೇಲೆ ಹೇಳಿದರು.

ಅಕ್ಕ ಹಸಿರು ಬಣ್ಣ ಆರಿಸಿದಳು. ಕಂಕುಳಿಗೆ ಚೌಕದ ತುಂಡು ಇರಲಿ ಎಂದಳು. ಕಿಸೆ ಒಳಗೂ ಬೇಕು, ಹೊರಗೂ ಬೇಕು ಎಂದಳು. ಇಷ್ಟು ದಿನ ಸುಮ್ಮನಿದ್ದವಳು ಈಗ ಗುಂಡಿಯ ಅಂತರ ಕೂಡ ಎರಡು ಸಲ ಬದಲಾಯಿಸಿದಳು. ಅವಳು ಹೇಳಿದಂತೆಯೇ ಮಾಸ್ತರರು ಮಾಡಿಕೊಟ್ಟರು. ಅವಳು ಆ ಅಂಗಿ ಹಾಕಿಕೊಂಡು ಹೊಲಕ್ಕೆ ಹೋದ ಮೊದಲ ದಿನ ಟ್ರ್ಯಾಕ್ಟರಿನವನು, "ಯಾರ ಅಂಗಿಬೇ ಅದು?" ಎಂದು ಕೇಳಿದನಂತೆ. "ನಂದ," ಎಂದಳಂತೆ.

ಅಂಗಿಗಳೆಲ್ಲ ಸರಿಯಾಗಿದ್ದವು ಎಂದರೆ ಸುಳ್ಳಾಗುತ್ತದೆ. ಒಳಕಿಸೆಯನ್ನು ಎಷ್ಟು ಆಳ ಮಾಡಿದ್ದೆವೆಂದರೆ ಫೋನ್ ಬಂದಾಗ ಅರ್ಧ ಅಂಗಿ ಬಿಚ್ಚಬೇಕಾಗುತ್ತಿತ್ತು. ಬಿಚ್ಚುವಷ್ಟರಲ್ಲಿ ಅದು ನಿಂತುಹೋಗುತ್ತಿತ್ತು. ಹುಕ್ಕುಗಳು ಸೆರಗಿಗೆ ಸಿಕ್ಕಿಬೀಳುತ್ತಿದ್ದವು. ಸಿಮೆಂಟಿನ ಜಾಹೀರಾತಿನವಳಿಗೆ ಎತ್ತರದ ಕಾಲರ್ ಎಷ್ಟು ಸೆಖೆಯಾಯಿತೆಂದರೆ ಮಧ್ಯಾಹ್ನವೇ ಕುಡಗೋಲಿನಿಂದ ಅದನ್ನು ಕೊಯ್ದುಹಾಕಿದಳು. ಸಂಜೆ ಎಲ್ಲರೂ ಬಂದು ದೂರು ಹೇಳುತ್ತಿದ್ದರು. ಕಾರ್ಖಾನೆಯಲ್ಲಿದ್ದಷ್ಟು ಕಾಲ ನನ್ನ ಕಫ್ ಬಗ್ಗೆ, ಅದನ್ನು ತೊಟ್ಟವರು ಯಾರೂ ಒಂದು ಮಾತು ಹೇಳಿರಲಿಲ್ಲ. ನಾನು ದೂರುಗಳನ್ನು ಕೇಳಿಸಿಕೊಂಡು, ಬಿಚ್ಚಿ, ಮತ್ತೆ ಹೊಲಿದೆ.

ಹೀಗಿರುವಾಗ ಹಾನಗಲ್ಲಿನ ಆ ಸಮಾಧಾನದ ಅಂಗಡಿಯವರಿಗೆ ಸುದ್ದಿ ಮುಟ್ಟಿತು. ಖುದ್ದಾಗಿ ಮನೆಗೆ ಬಂದರು. ಇಂಥ ಅಂಗಿಗಳನ್ನು ಸಣ್ಣ, ನಡು, ದೊಡ್ಡ ಎಂದು ಮೂರು ಅಳತೆಯಲ್ಲಿ, ಒಂದೇ ಬಣ್ಣದಲ್ಲಿ, ಬೇಗನೆ ಹೊಲಿದು ಕೊಡಬೇಕು ಎಂದರು. ಎಲ್ಲರಿಗೂ ಸಂತೋಷವಾಯಿತು. ಅಕ್ಕ ಮತ್ತು ಇನ್ನು ಕೆಲವರು ಕೂಲಿಯಿಲ್ಲದ ದಿನ ಸಹಾಯಕ್ಕೆ ಬಂದರು. ಒಬ್ಬೊಬ್ಬರು ಒಂದೊಂದು ಭಾಗ ಹಿಡಿದರೆ ಬೇಗ ಆಗುತ್ತದೆ ಎಂದು ನಾನೇ ಹೇಳಿದೆ. ಒಬ್ಬಳು ಕಾಲರ್, ಒಬ್ಬಳು ಕಿಸೆ, ಒಬ್ಬಳು ದಾರ ಕತ್ತರಿಸುವವಳು. ನಾನು ಕಫ್. ಕೆಲಸ ನಿಜವಾಗಿಯೂ ಬೇಗ ಸಾಗಿತು. ಯಾರೂ ಮಾತಾಡುತ್ತಿರಲಿಲ್ಲ. ಹೊರಸಿನ ಮೇಲೆ ಅತ್ತೆ ಬೇಸರದಿಂದ ನಿದ್ದೆ ಹೋದರು. ಇದನ್ನು ಎಲ್ಲೋ ನೋಡಿದ್ದೇನೆ ಎಂದು ನನಗೆ ಅನ್ನಿಸಿತು. ಎಲ್ಲಿ ಎಂದು ನೆನಪಾದಾಗ ಕೆಲಸ ಅರ್ಧ ಮುಗಿದಿತ್ತು. ಉಳಿದರ್ಧವನ್ನೂ ಮುಗಿಸಿ ಕೊಟ್ಟೆವು.

ಅಂಗಿಗಳು ಮಾರಾಟವೂ ಆದವು. ಕೊಂಡವರು ವಾರದೊಳಗೆ ಅಂಗಡಿಗೆ ವಾಪಸು ಬಂದರು. ಒಬ್ಬಳಿಗೆ ಭುಜ ಇಳಿಬಿದ್ದಿತ್ತು, ಒಬ್ಬಳು ಎಡಚಿ, ಕಿಸೆ ಆ ಕಡೆ ಬೇಕಿತ್ತು. ಅಂಗಡಿಯವರು ಅವರನ್ನೆಲ್ಲ ನಮ್ಮ ಮನೆಗೆ ಕಳಿಸಿದರು. ಹೀಗೆ ನಾವು ಹೊಲಿದ ಅಂಗಿಗಳನ್ನು ನಾವೇ ಬಿಚ್ಚಿ ಮತ್ತೆ ಹೊಲಿಯತೊಡಗಿದೆವು. ಕೊನೆಗೊಂದು ದಿನ ಅಂಗಡಿಯವರೇ ಬಂದು ಕಟ್ಟೆಯ ಮೇಲೆ ಕುಳಿತರು.

"ನೋಡ್ರಿ, ನಾನು ರೆಡಿಮೇಡ್ ಮಾರಾಂವ. ಮಾರಿದ ಮ್ಯಾಲ ಗಿರಾಕಿ ಮಾರಿ ನೋಡಬಾರದು, ಅದ ನಮ್ಮ ದಂಧೆ," ಎಂದರು. "ಇವರು ದಿನಾ ಬಂದು ಮಾರಿ ತೋರಸ್ತಾರ. ನೀವ ಅಳತಿ ತಗೊಂಡು ಹೊಲೀರಿ. ನಾನು ಬಟ್ಟಿ ಕೊಡ್ತೇನಿ, ಅಷ್ಟ ಸಾಕು."

ಈಗ ಹಾಗೆಯೇ ನಡೆಯುತ್ತಿದೆ. ಬೇಕಾದವರು ಅವರಲ್ಲಿ ಬಟ್ಟೆ ಆರಿಸಿ ನಮ್ಮಲ್ಲಿಗೆ ಬರುತ್ತಾರೆ. ಅಕ್ಕ ಅಳತೆ ತೆಗೆಯುತ್ತಾಳೆ. ಆಪಾ ಅವಳಿಗೆ ಕಲಿಸಿದರು. ಭುಜ ಅಳೆಯುವಾಗ ಅವಳು ಯಾವಾಗಲೂ ಎರಡು ಸಲ ಅಳೆಯುತ್ತಾಳೆ. ಮಾಸ್ತರರು ತಮ್ಮ ಅಂಗಡಿಯ ಬಾಗಿಲ ಮೇಲಿನ ಹಳೆಯ 'ಜೆಂಟ್ಸ್ ಟೇಲರ್' ಬೋರ್ಡನ್ನು ಇನ್ನೂ ತೆಗೆದಿಲ್ಲ. ಕೇಳಿದರೆ, ಬೋರ್ಡು ಗಟ್ಟಿ ಇದೆ ಎನ್ನುತ್ತಾರೆ. ಅತ್ತೆ ಈಗ ಕೋಲು ಹಿಡಿದು ಓಡಾಡುತ್ತಾರೆ. ಶಿಗ್ಗಾವಿಗೆ ವಾಪಸು ಹೋಗುವುದಿಲ್ಲವೇ ಎಂದು ಒಮ್ಮೆ ಕೇಳಿದರು. ನಾನು ಉತ್ತರ ಕೊಡುವ ಮೊದಲೇ ಯಾರೋ ಅಳತೆಗೆ ಬಂದರು.

ಹೋದ ಬೇಸಿಗೆಗೆ ಮೊದಲು ಹಿರೇಕೆರೂರು ಕಡೆಯಿಂದ ಕರೆ ಬಂತು. ರಟ್ಟೀಹಳ್ಳಿ ದಾರಿಯ ಒಂದು ಊರಿನಲ್ಲಿ ಹೆಣ್ಣುಮಕ್ಕಳು ಬೀಜದ ಹೊಲಗಳಲ್ಲಿ, ಬೀಜ ಕಟ್ಟಲೆಂದು, ಕೈಯಿಂದಲೇ ಹೂವಿಗೆ ಹೂವು ಮುಟ್ಟಿಸುವ ಕೆಲಸ ಮಾಡುತ್ತಾರೆ. ಅವರಲ್ಲೊಬ್ಬಳು ನಮ್ಮೂರಿನ ಹೆಣ್ಣುಮಗಳು, ಆ ಊರಿಗೆ ಕೊಟ್ಟದ್ದು. ನಾನು, ಅಕ್ಕ, ಮಾಸ್ತರರು, ಆಪಾ ನಾಲ್ಕೂ ಜನ ನಮ್ಮ ಅಂಗಿಯೊಂದನ್ನು ಮಾದರಿಗೆಂದು ತೆಗೆದುಕೊಂಡು ಹೋದೆವು. ಹೊಲದ ಬದಿಯ ಬೇವಿನ ನೆರಳಲ್ಲಿ ಅವರು ಅದನ್ನು ಕೈಯಿಂದ ಕೈಗೆ ಕೊಟ್ಟು ನೋಡಿದರು.

"ಉದ್ದ ತೋಳು ನಮಗ ಬ್ಯಾಡ್ರಿ, ಹೂವಿಗೆ ಹತ್ತತೈತಿ."

"ಬಣ್ಣ ಇಷ್ಟು ಗಾಢ ಆದ್ರ ಬಿಸಲಿಗೆ ಕಾಯ್ತೈತಿ."

"ಕಿಸೆ ಮುಂದ ಹೊಟ್ಟಿ ಮ್ಯಾಲ ಬರಬೇಕು, ಹೂವು ಹಾಕ್ಕೊಳ್ಳಾಕ."

ನಮ್ಮ ಅಂಗಿಯಲ್ಲಿ ಅವರಿಗೆ ಹಿಡಿಸಿದ್ದು ದಾರದ ಬಣ್ಣ ಒಂದೇ. ಮಾಸ್ತರರಿಗೆ ಎಷ್ಟು ಉತ್ಸಾಹ ಬಂತೆಂದರೆ ನೆಲ ಮಣ್ಣಿನದಾದ್ದರಿಂದ ಕಡ್ಡಿಯಲ್ಲೇ ಬರೆಯತೊಡಗಿದರು. ಅಕ್ಕ ಟೇಪ್ ಬಿಚ್ಚಿದಳು. ಮಧ್ಯಾಹ್ನದ ಹೊತ್ತಿಗೆ ಗಿಡ್ಡ ತೋಳಿನ, ಹೊಟ್ಟೆಯ ಮೇಲೆ ಅಗಲ ಕಿಸೆಯ ಒಂದು ಅಂಗಿಗೆ ಎಲ್ಲರೂ ಒಪ್ಪಿದರು. ಒಬ್ಬಳನ್ನು ಬಿಟ್ಟು. ಅವಳು ತನ್ನ ಮಗಳ ಹಳೆಯ ಕಾಲೇಜು ಯೂನಿಫಾರ್ಮಿನ ಟಾಪ್ ಹಾಕಿಕೊಂಡಿದ್ದಳು. ಸಾಲಿನಲ್ಲಿ ನಿಲ್ಲದೆ ದೂರ ಕುಳಿತಿದ್ದಳು.

"ನಿನಗ ಬ್ಯಾಡೇನು?" ಎಂದು ಅಕ್ಕ ಕೇಳಿದಳು.

"ನನಗ ಇದ ಚಲೋ ಐತ್ರಿ."

ಮಾಸ್ತರರು ಹತ್ತಿರ ಹೋಗಿ ನಿಂತು, ಸ್ವಲ್ಪ ಕೈ ಎತ್ತಲು ಹೇಳಿದರು. ಬಗ್ಗಲು ಹೇಳಿದರು. ಅವಳು ಬಗ್ಗಿ, ಎದ್ದು, ಹೂವು ಕೀಳುವುದನ್ನು ತೋರಿಸಿದಳು. ಅವರು ಕನ್ನಡಕ ಸರಿಮಾಡಿಕೊಂಡು ಹಿಂದೆ ಮುಂದೆ ನೋಡಿದರು. ಎಳೆಯುತ್ತಿರಲಿಲ್ಲ, ಬಿಗಿಯುತ್ತಿರಲಿಲ್ಲ.

"ಚಲೋ ಐತಿ," ಎಂದರು.

ಅವಳಿಗೆ ಏನೂ ಹೊಲಿಯಲಿಲ್ಲ. ಆಮೇಲೆ ಎಲ್ಲರಿಗೂ ಚಹಾ ಬಂತು. ಅದನ್ನು ಮಾಡಿಸಿದವಳು ಅವಳೇ.